ಸ್ಕಾಟ್ಲೆಂಡ್ ದ್ವೀಪಗಳ ಹಳೇ ವರ್ಣನೆ, ಮಾರ್ಟಿನ್ ಮತ್ತೆ ಮನ್ರೋ ಒಂದೇ ಬೈಂಡಿಂಗಲ್ಲಿ: ಕೊಡಗಿನೋರು ಓದ್ಲೇಬೇಕು

ಮಾರ್ಟಿನ್ ಮಾರ್ಟಿನ್ ಸ್ಕಾಟ್ಲೆಂಡಿನ ಪಶ್ಚಿಮ ದ್ವೀಪಗಳ ಬಗ್ಗೆ 1703ರಲ್ಲಿ ತಂದ ಪುಸ್ತಕ, ಅವನದೇ ಸೇಂಟ್ ಕಿಲ್ಡಾ ಅನ್ನೋ ದೂರದ ದ್ವೀಪದ ಪ್ರಯಾಣ, ಜೊತೆಗೆ ಡೊನಾಲ್ಡ್ ಮನ್ರೋ ಅನ್ನೋ ಪಾದ್ರಿ 1549ರಲ್ಲಿ ಸುತ್ತಿ ಬರೆದಿದ್ದು, ಮೂರೂ ಸೇರಿರೋ ಪೇಪರ್‌ಬ್ಯಾಕ್ ಇದು. ಮಡಿಕೇರಿಗೆ ಸರಿಯಾಗೇ ಬಂತು, ಐದು ಸ್ಟಾರ್ ಕೊಡ್ತೀನಿ.

ಮಾರ್ಟಿನ್ ಸ್ಕೈ ದ್ವೀಪದೋನೇ, ಗೇಲಿಕ್ ಮನೆಮಾತು, ಪುಸ್ತಕದ ಜೀವ ಇರೋದೇ ಅಲ್ಲಿ. ನಮ್ಮಲ್ಲಿ ಹೊರಗಿಂದ ಬಂದ ರಿಕ್ಟರ್ ಪಾದ್ರಿ 1870ರಲ್ಲಿ ಇಂಗ್ಲಿಷಲ್ಲಿ ಕೊಡಗಿನ ಬಗ್ಗೆ ಬರೆದಿದ್ದನ್ನೂ ನಡಿಕೇರಿಯಂಡ ಚಿಣ್ಣಪ್ಪನವರು 1924ರಲ್ಲಿ ತಂದ, ಕೊಡವರ ಹಾಡು ಆಚಾರಗಳ ಸಂಗ್ರಹ ಪಟ್ಟೋಲೆ ಪಳಮೆನೂ ಓದಿದೋರಿಗೆ, ಊರಿನೋರೇ ಬರೆದಾಗ ಏನೇನು ಉಳಿಯುತ್ತೆ ಅಂತ ಬಿಡಿಸಿ ಹೇಳ್ಬೇಕಿಲ್ಲ.

ಸೇಂಟ್ ಕಿಲ್ಡಾ ಭಾಗ ಮೊದಲು ಓದಿ. 1697ರಲ್ಲಿ ಹೋದಾಗ ಅಲ್ಲಿ ಸುಮಾರು 180 ಜನ, ಇಡೀ ದ್ವೀಪಕ್ಕೆ ಇದ್ದಿದ್ದು ಮೂರೇ ಹಗ್ಗ, ಒಂದೊಂದು 24 ಮಾರು, ಯಾರೊಬ್ಬರದ್ದೂ ಅಲ್ಲ, ಊರಿನದ್ದು, ಅದನ್ನ ಕಟ್ಕೊಂಡು ಸಮುದ್ರದ ಮೇಲಿನ ಕಡಿದಾದ ಬಂಡೆ ಇಳಿದು ಹಕ್ಕಿ, ಮೊಟ್ಟೆ ತರೋದು, ಊಟಕ್ಕೆ ಮುಖ್ಯವಾಗಿ ಅದೇ. ದ್ವೀಪ ಇದ್ದಿದ್ದು ಮ್ಯಾಕ್ಲಿಯೋಡ್ ದೊರೆ ಆಸ್ತಿಯಲ್ಲಿ, ಅವನ ಕಾರ್ಯಸ್ಥ ವರ್ಷವರ್ಷ ದೋಣಿಯಲ್ಲಿ ಬಂದು ಗೇಣಿ ಎತ್ತೋದನ್ನೂ ಮಾರ್ಟಿನ್ ಬಿಡದೆ ಬರೀತಾನೆ. 1930ರಲ್ಲಿ ಉಳಿದಿದ್ದ 36 ಜನಾನೂ ದ್ವೀಪ ಬಿಟ್ರು, ಅಲ್ಲೀಗ ಊರೇ ಇಲ್ಲ, ಅದು ಗೊತ್ತಿದ್ದು ಓದ್ವಾಗ ನನಗಂತೂ ತುಂಬ ಸಂಕಟ ಆಯ್ತು.

ಮನ್ರೋ ಬರೆದಿದ್ದು ಹಳೇ ಸ್ಕಾಟ್ಸ್ ಭಾಷೆ, ಸ್ಪೆಲ್ಲಿಂಗ್ ಕಷ್ಟ, ಆದ್ರೆ ತೋಟ ಆಸ್ತಿ ಅಂತ ಬದುಕೋ ನಮಗೆ ಇವನೇ ಹತ್ರ ಅನ್ಸುತ್ತೆ. ಪ್ರತಿ ದ್ವೀಪಕ್ಕೂ ಎಷ್ಟುದ್ದ, ಬೆಳೆ ಏನು, ಮೇವು ಮೀನು ಉಂಟಾ, ಯಾರ ಕೈಯಲ್ಲಿದೆ, ಕೋಟೆ ಇದೆಯಾ, ಅಷ್ಟೇ, ಮುಂದಿನ ದ್ವೀಪ. ಮ್ಯಾಕ್ಲಿಯೋಡರ ಡನ್ವೇಗನ್ ಕೋಟೆಗೂ ಒಂದೆರಡು ಸಾಲೇ, ಬಂಡೆ ಮೇಲೆ ಕಟ್ಟಿದ ಗಟ್ಟಿ ಕೋಟೆ ಅಂತ. ಈ ದ್ವೀಪಗಳನ್ನೆಲ್ಲ ಒಬ್ಬ ದೊರೆ ಆಳ್ತಿದ್ದಾಗ ಐಲಾ ದ್ವೀಪದ ಫಿನ್ಲಗನ್ ಕೆರೆ ನಡುವಿನ ನಡುಗಡ್ಡೆಯಲ್ಲಿ 14 ಜನ ಹಿರಿಯರು ಕೂತು ನ್ಯಾಯ ತೀರಿಸ್ತಿದ್ರು ಅಂತಾನೆ, ನಮ್ಮ ಊರಹಿರಿಯರು ತಕ್ಕರು ಊರಬಯಲು ಮಂದಲ್ಲಿ ಕೂತ ಹಾಗೇ. ಆ ದೊರೆತನ 1493ರಲ್ಲೇ ಹೋಗಿತ್ತು, ಮನ್ರೋ ಬರೆದಿಡದಿದ್ರೆ ಇಷ್ಟು ವಿವರ ನಮಗೆಲ್ಲಿ ಸಿಗ್ತಿತ್ತು.

1773ರಲ್ಲಿ ಹೆಸರಾಂತ ಲೇಖಕರು ಜಾನ್ಸನ್, ಬಾಸ್ವೆಲ್ ಆ ಕಡೆ ಹೋದಾಗ್ಲೂ ಕೈಯಲ್ಲಿ ಮಾರ್ಟಿನ್ ಪುಸ್ತಕಾನೇ.

ಅಕ್ಷರ ಸಣ್ಣದು, ಮ್ಯಾಪ್ ಇನ್ನೂ ದೊಡ್ಡದಿರ್ಬೇಕಿತ್ತು, ಫೋನಲ್ಲಿ ಮ್ಯಾಪ್ ತೆಗೆದಿಟ್ಕೊಂಡು ಓದಿ. ಮಳೆಗಾಲದಲ್ಲಿ ಪೇಪರ್‌ಬ್ಯಾಕಿಗೆ ಬೂಷ್ಟು ಹಿಡಿಯೋದು ಇಲ್ಲಿಯೋರಿಗೆ ಗೊತ್ತೇ ಇದೆ, ಡಬ್ಬಿಲಿ ಹಾಕಿಡಿ. ತಗೊಳ್ವಾಗ ಮನ್ರೋನೂ ಸೇಂಟ್ ಕಿಲ್ಡಾನೂ ಸೇರಿದೆಯಾ ನೋಡ್ಕೊಳ್ಳಿ, 1703ರದ್ದು ಮಾತ್ರ ಇರೋ ಎಡಿಷನ್ನೂ ಮಾರ್ತಾರೆ.