ಕಾರ್ಡ್‌ಲೆಸ್ ಫೋನಿಗೆ ನಾಲ್ಕು ಮಾರ್ಕು, ಸೊನ್ನೆಗೆ ಸೊನ್ನೆ

ನನ್ನ ತಕರಾರು ಇರೋದು ಒಂದೇ ಒಂದು ಸೊನ್ನೆಯ ಮೇಲೆ. ಉಳಿದದ್ದಕ್ಕೆಲ್ಲ, ಮನೆಯ ಲ್ಯಾಂಡ್‌ಲೈನಿಗೆ ಅಂತ ತಂದ ಈ ಕಾರ್ಡ್‌ಲೆಸ್ ಫೋನಿಗೆ ಐದಕ್ಕೆ ನಾಲ್ಕು ಧಾರಾಳವಾಗಿ ಕೊಡ್ತೀನಿ.

ವಿಷಯ ಹೀಗೆ. 2021ರ ಜನವರಿ 15ರಿಂದ ಲ್ಯಾಂಡ್‌ಲೈನಿನಿಂದ ಮೊಬೈಲಿಗೆ ಫೋನ್ ಮಾಡಬೇಕಾದರೆ ಮೊದಲು ಸೊನ್ನೆ ಒತ್ತಬೇಕು. ಇಡೀ ದೇಶಕ್ಕೆ ಒಂದೇ ನಿಯಮ. ಇದರಿಂದ ಸುಮಾರು 254 ಕೋಟಿ ಹೊಸ ನಂಬರುಗಳಿಗೆ ಜಾಗ ಆಗುತ್ತೆ ಅಂತ ದೂರಸಂಪರ್ಕ ಇಲಾಖೆ ಆಗ ಹೇಳಿತ್ತು. ಆಗಲಿ, ಬೇಡ ಅನ್ನೋರು ಯಾರು? ಆದರೆ ಮೊಬೈಲಿನಿಂದ ನಮ್ಮ ಮನೆಗೆ ಕರೆ ಬಂದಾಗ ಪರದೆ ಮೇಲೆ ಮೂಡೋದು ಬರೀ ಹತ್ತು ಅಂಕಿ. ಸೊನ್ನೆ ಅದರ ಜೊತೆ ಬರಲ್ಲ. ಹಾಗಾಗಿ ಮಿಸ್ಡ್ ಕಾಲ್ ಪಟ್ಟಿ ತೆಗೆದು, ಬೇಕಾದ ನಂಬರಿಗೆ ಬಂದು, ಹಸಿರು ಬಟನ್ ಒತ್ತಿದರೆ ಕರೆ ಹೋಗೋದೇ ಇಲ್ಲ. ಸೊನ್ನೆ ಸೇರಿಸಿ ಡಯಲ್ ಮಾಡಿ ಅಂತ ರೆಕಾರ್ಡ್ ಮಾಡಿದ ದನಿ ಬರುತ್ತೆ.

ಸರಿ, ಫೋನ್‌ಬುಕ್ಕಿನಲ್ಲೇ ಸೊನ್ನೆ ಸೇರಿಸಿ ಇಟ್ಟುಕೊಳ್ಳೋಣ ಅಂದರೆ ಅಲ್ಲಿ ಇನ್ನೊಂದು ಕಥೆ. ಕರೆ ಸಲೀಸಾಗಿ ಹೋಗುತ್ತೆ; ಆದರೆ ಅದೇ ಮನುಷ್ಯ ತಿರುಗಿ ಫೋನ್ ಮಾಡಿದಾಗ ಹೆಸರು ಬರಲ್ಲ. ಒಳಗೆ ಬರೆದಿಟ್ಟಿರೋದು ಹನ್ನೊಂದು ಅಂಕಿ, ಹೊರಗಿಂದ ಬಂದಿರೋದು ಹತ್ತು. ಎರಡೂ ಒಬ್ಬನದೇ ಅಂತ ಈ ಫೋನಿಗೆ ಹೊಳೆಯಲ್ಲ. ಸೊನ್ನೆ ಬಿಟ್ಟು ಇಟ್ಟರೆ ಹೆಸರು ಚೆನ್ನಾಗಿ ಮೂಡುತ್ತೆ, ಕರೆ ಹೋಗಲ್ಲ. ಎರಡೂ ಬೇಕಂದರೆ ಒಬ್ಬೊಬ್ಬರನ್ನೂ ಎರಡೆರಡು ಸಲ ಬರೆದಿಡಬೇಕು. 50 ಜನ ಹಿಡಿಸುತ್ತೆ ಅಂತ ಡಬ್ಬದ ಮೇಲೆ ಅಚ್ಚಾಗಿದ್ದ ಫೋನ್‌ಬುಕ್ಕು ನಮ್ಮ ಪಾಲಿಗೆ 25 ಜನರದ್ದಾಯಿತು.

ಪಟ್ಟಿಯಲ್ಲಿರೋ ನಂಬರನ್ನ ತಿದ್ದಿ ಸೊನ್ನೆ ಸೇರಿಸೋ ದಾರಿ ಇದೆ, ಇಲ್ಲ ಅನ್ನಲ್ಲ. ಮೆನು, ಅಲ್ಲಿಂದ ಎಡಿಟ್, ಕರ್ಸರನ್ನ ಎಡತುದಿಗೆ ತರೋದು, ಸೊನ್ನೆ, ಆಮೇಲೆ ಹಸಿರು ಬಟನ್. ನಡುವೆ ಒಂದು ಕ್ಷಣ ಯೋಚಿಸುತ್ತಾ ನಿಂತರೆ ಪರದೆ ಮೊದಲಿನ ಜಾಗಕ್ಕೆ ವಾಪಸ್. ಎಪ್ಪತ್ತು ದಾಟಿದ ನಮ್ಮ ಅಮ್ಮ ಇದನ್ನ ಕಲಿಯೋಕೇ ಹೋಗಲಿಲ್ಲ. ಅವರು ಮಾಡೋದೇನಂದರೆ, ನಂಬರನ್ನ ಕ್ಯಾಲೆಂಡರಿನ ಹಳೇ ಹಾಳೆಯ ಹಿಂದೆ ಬರೆದುಕೊಂಡು, ಕನ್ನಡಕ ಹಾಕಿಕೊಂಡು, ಸೊನ್ನೆಯಿಂದ ಶುರು ಮಾಡಿ ಒಂದೊಂದೇ ಅಂಕಿ ಒತ್ತೋದು. ನಂಬರ್ ನೆನಪಿಟ್ಟುಕೊಳ್ಳಲಿ ಅಂತಲೇ ತಂದ ಯಂತ್ರ ಎದುರಿಗಿದೆ, ಅದರ ಪಕ್ಕದಲ್ಲಿ ಪೆನ್ಸಿಲ್ಲೂ ಇದೆ!

ನಮಗೆ ಲ್ಯಾಂಡ್‌ಲೈನ್ ಕೊಟ್ಟ ಫೈಬರ್ ಇಂಟರ್ನೆಟ್ ಕಂಪನಿಯವರು ಮನಸ್ಸು ಮಾಡಿದರೆ, ಹತ್ತು ಅಂಕಿ ಒತ್ತಿದ ಕೂಡಲೇ ಮುಂದೆ ಸೊನ್ನೆ ತಾನಾಗಿ ಸೇರಿಕೊಳ್ಳೋ ಹಾಗೆ ಅವರು ಮನೆಯಲ್ಲಿ ಕೂರಿಸಿದ ಪೆಟ್ಟಿಗೆಯಲ್ಲೇ ಸೆಟ್ ಮಾಡಬಹುದು. ಒತ್ತಿದ ನಂಬರನ್ನ ಹೇಗೆ ಕಳಿಸಬೇಕು ಅಂತ ಹೇಳೋ ಡಯಲ್ ಪ್ಲಾನ್ ಅನ್ನೋ ಸೆಟ್ಟಿಂಗ್ ಇರೋದೇ ಅಂಥ ಕೆಲಸಕ್ಕೆ. ಕೇಳಿದ್ದಕ್ಕೆ "ಫೋನ್ ಬದಲಾಯಿಸಿ ನೋಡಿ ಸರ್" ಅಂದರು. ಫೋನ್ ಕೊಟ್ಟ ಅಂಗಡಿಯವರು "ಅದು ಲೈನಿನವರ ಕೆಲಸ" ಅಂದರು. ಇಬ್ಬರ ಹೆಸರೂ ಇಲ್ಲಿ ಬೇಡ. ಕೊನೆಗೆ ಸಿಕ್ಕ ಉಪಾಯ ಸ್ಪೀಡ್ ಡಯಲ್. ಫೋನ್‌ಬುಕ್ಕಿನಲ್ಲಿ ಎಲ್ಲರೂ ಸೊನ್ನೆ ಇಲ್ಲದೆ. ಸ್ಪೀಡ್ ಡಯಲ್ಲಿನ ಒಂಬತ್ತು ಕೀಲಿಗೆ ಮನೆಯವರು, ಡಾಕ್ಟರು, ಆಟೋದವನು, ಗ್ಯಾಸಿನವನು, ಇವರೆಲ್ಲ ಸೊನ್ನೆ ಸಮೇತ. ಬರುವ ಕರೆಗೆ ಹೆಸರು ಕಾಣುತ್ತೆ, ಹೋಗುವ ಕರೆಗೆ ಕೀಲಿ ಒತ್ತಿ ಹಿಡಿದರೆ ಸಾಕು. ಒಂಬತ್ತರ ಆಚೆಗಿನವರಿಗೆ ಮಾತ್ರ ಪೆನ್ಸಿಲ್ಲೇ ಗತಿ. ನೀವು ಕೊಳ್ಳೋದಾದರೆ ಸ್ಪೀಡ್ ಡಯಲ್ ಫೋನ್‌ಬುಕ್ಕಿನಿಂದ ಬೇರೆಯಾಗಿ ಇದೆಯಾ ಅಂತ ಕೇಳಿ. ಕೆಲವು ಮಾಡೆಲ್‌ಗಳಲ್ಲಿ ಅದು ಫೋನ್‌ಬುಕ್ಕಿನ ನಂಬರನ್ನೇ ಎತ್ತಿಕೊಳ್ಳುತ್ತೆ. ಅಲ್ಲಿ ಈ ಉಪಾಯ ನಡೆಯಲ್ಲ.

ಈ ಕಾಲದಲ್ಲಿ ಲ್ಯಾಂಡ್‌ಲೈನ್ ಯಾಕೆ ಅಂತ ಕೇಳೋರಿಗೆ: ನಾವಿರೋದು ಹೊಸನಗರ ತಾಲ್ಲೂಕಿನ ಒಂದು ಹಳ್ಳಿ. ಗುಡ್ಡದ ಬುಡದಲ್ಲಿ ಮನೆ, ಕೆಳಗೆ ತೋಟ. ಮೊಬೈಲ್ ಸಿಗ್ನಲ್ ಬೇಕಂದರೆ ಧರೆ, ಅಂದರೆ ಗುಡ್ಡದ ಏರು, ಹತ್ತಬೇಕು. ಫೈಬರ್ ಬಂದ ಮೇಲೆ ನನ್ನ ಮೊಬೈಲಿನಲ್ಲಿ ವೈಫೈ ಕಾಲಿಂಗ್ ಇದೆ, ನನಗೆ ತೊಂದರೆ ಇಲ್ಲ. ಅಮ್ಮನ ಹತ್ತಿರ ಇರೋದು ಕೀಪ್ಯಾಡ್ ಫೋನು, ಅದಕ್ಕೆ ಆ ಭಾಗ್ಯವಿಲ್ಲ. ಫೈಬರಿನ ಜೊತೆ ಲ್ಯಾಂಡ್‌ಲೈನ್ ಹೇಗೂ ಬರುತ್ತೆ, ಮೂರು ಸಾವಿರದ ಒಳಗೆ ಒಂದು ಕಾರ್ಡ್‌ಲೆಸ್ ತಂದರೆ ಮುಗೀತು ಅನ್ನೋದು ನಮ್ಮ ಲೆಕ್ಕ. ಅದಕ್ಕಿಂತ ಹೆಚ್ಚು ಹಾಕೋ ಹಾಗಿದ್ದರೆ ಅಮ್ಮನಿಗೆ ಸ್ಮಾರ್ಟ್‌ಫೋನೇ ಕೊಡಿಸಬಹುದು. ಬೇಡ ಅಂತ ಅವರೇ ಅಂದರು.

ಜೋಡಿಸೋ ದಿನ ಕಾಲರ್ ಐಡಿಯೇ ಬರಲಿಲ್ಲ. ರಿಂಗ್ ಆಗುತ್ತೆ, ಮಾತು ಕೇಳುತ್ತೆ, ಪರದೆ ಮೇಲೆ ಮಾತ್ರ ಏನೂ ಇಲ್ಲ. ಇಂಥದ್ದು ನಿಮ್ಮ ಮನೆಯಲ್ಲೂ ಆಗಬಹುದು, ಸ್ವಲ್ಪ ವಿವರವಾಗಿ ಹೇಳ್ತೀನಿ. ನಂಬರನ್ನ ಫೋನಿಗೆ ತಲುಪಿಸೋಕೆ ಎರಡು ರೀತಿ ಇದೆ. ಒಂದು ಡಿಟಿಎಂಎಫ್: ನಾವು ಕೀಲಿ ಒತ್ತಿದಾಗ ಕೇಳೋ ಅದೇ ಟಿಂವ್ ಟಿಂವ್ ಸದ್ದಿನಲ್ಲಿ, ಸಾಮಾನ್ಯವಾಗಿ ಮೊದಲ ರಿಂಗಿಗೂ ಮುಂಚೆ ನಂಬರ್ ಬಂದುಬಿಡುತ್ತೆ. ಇನ್ನೊಂದು ಎಫ್‌ಎಸ್‌ಕೆ: ಮೊದಲ ರಿಂಗಿಗೂ ಎರಡನೆಯದಕ್ಕೂ ನಡುವಿನ ಮೌನದಲ್ಲಿ ಮೋಡೆಮ್ಮಿನ ಕಿರುಚಾಟದಂಥ ಚಿಕ್ಕ ಸದ್ದು, ಅದರೊಳಗೆ ನಂಬರು. ನಮ್ಮಲ್ಲಿ ಮಾರೋ ಫೋನುಗಳಲ್ಲಿ ಸುಮಾರಿನವು ಎರಡನ್ನೂ ಓದುತ್ತವೆ. ಫೈಬರ್ ಪೆಟ್ಟಿಗೆ ಯಾವುದರಲ್ಲಿ ಕಳಿಸಬೇಕು ಅನ್ನೋದು ಅದರ ಒಳಗಿನ ಸೆಟ್ಟಿಂಗು. ನಮ್ಮದರಲ್ಲಿ ಕಾಲರ್ ಐಡಿಯನ್ನೇ ಆಫ್ ಮಾಡಿಟ್ಟಿದ್ದರು. ಲೈನ್ ಹುಡುಗ ಬಂದು, ಲ್ಯಾಪ್‌ಟಾಪಿನಲ್ಲಿ ಲಾಗಿನ್ ಆಗಿ, ಎಫ್‌ಎಸ್‌ಕೆ ಅಂತ ಆರಿಸಿ, ಪೆಟ್ಟಿಗೆಯನ್ನ ಒಮ್ಮೆ ಆಫ್ ಮಾಡಿ ಆನ್ ಮಾಡಿದ. ಅಷ್ಟೇ. ಅಂಗಡಿಗೆ ಫೋನ್ ಹೊತ್ತುಕೊಂಡು ಹೋಗೋ ಮೊದಲು ಈ ಸೆಟ್ಟಿಂಗ್ ನೋಡಿಸಿ.

ಎಫ್‌ಎಸ್‌ಕೆಯಿಂದ ಎರಡು ಸಂಗತಿ ಆಯಿತು. ಮೊದಲ ರಿಂಗಿಗೇ ಹಾರಿ ಎತ್ತಿದರೆ ನಂಬರ್ ಕಾಣಲ್ಲ, ಎರಡನೆಯದಕ್ಕೆ ಕಾಯಬೇಕು. ಫೋನ್ ಕೂಗಿದ ಕೂಡಲೇ ಒಲೆ ಮೇಲಿನದ್ದನ್ನೂ ಬಿಟ್ಟು ಓಡಿ ಬರುತ್ತಿದ್ದ ಅಮ್ಮ ಈಗ ಸೆರಗಿಗೆ ಕೈ ಒರೆಸಿಕೊಂಡು, ಪರದೆ ನೋಡಿ, ಆಮೇಲೆ ಎತ್ತುತ್ತಾರೆ. ಇನ್ನೊಂದು, ನಂಬರಿನ ಜೊತೆ ದಿನಾಂಕ, ಸಮಯವೂ ಬರುತ್ತೆ. ಕರೆಂಟು ಹೋಗಿ ಬಂದಾಗ ಈ ಫೋನಿನ ಗಡಿಯಾರ ಹಾದಿ ತಪ್ಪುತ್ತೆ. ಯಾರಾದರೂ ಒಂದು ಫೋನ್ ಮಾಡಿದರೆ ತಾನೇ ಸರಿಯಾಗುತ್ತೆ. ಹೀಗಾಗಿ ನಮ್ಮ ಮನೆಯಲ್ಲಿ ಸರಿಯಾದ ಹೊತ್ತು ತೋರಿಸೋ ಗಡಿಯಾರ ಇದೊಂದೇ.

ಬೈಯೋಕೆ ಅಂತಲೇ ಬರೆಯಲು ಕೂತೆ, ನಿಜ. ಆದರೆ ಅಡಿಕೆ ಸುಲಿಯೋ ಕಾಲದಲ್ಲಿ ಈ ಫೋನು ಮಾಡಿದ ಉಪಕಾರ ಹೇಳದಿದ್ದರೆ ಅನ್ಯಾಯ. ಕೊಯ್ಲು ಶುರುವಾದರೆ ರಾತ್ರಿ ಊಟ ಆದಮೇಲೆ ಜಗಲಿಯಲ್ಲಿ ಅಡಿಕೆ ಸುಲಿಯೋ ಮೆಟ್ಟುಗತ್ತಿ ಸಾಲಾಗಿ ಕೂರುತ್ತೆ. ಅಮ್ಮನಿಗೆ ಸಾಗರದಲ್ಲಿರೋ ತಂಗಿಯ ಫೋನು ಬರೋದು ಸರಿಯಾಗಿ ಆ ಹೊತ್ತಿಗೇ. ಮೊದಲೆಲ್ಲ ನಡುಮನೆಯ ಗೋಡೆಗೆ ಆತು ನಿಂತು ಎರಡು ಮಾತಾಡಿ, ಕೆಲಸ ಇದೆ ಅಂತ ಇಡಬೇಕಿತ್ತು. ಈಗ ಹ್ಯಾಂಡ್‌ಸೆಟ್ಟನ್ನ ಸ್ಪೀಕರಿಗೆ ಹಾಕಿ ಬುಟ್ಟಿಯ ಕಂಠಕ್ಕೆ ಒರಗಿಸಿಡ್ತಾರೆ. ಇತ್ತ ಕೈ ಸುಲಿಯುತ್ತಾ ಇರುತ್ತೆ, ಅತ್ತ ತಂಗಿ ಸಾಗರದ ಸುದ್ದಿಯನ್ನೆಲ್ಲ ಬಿಚ್ಚುತ್ತಾರೆ, ಸುಲಿಯೋಕೆ ಬಂದ ಹೆಂಗಸರೂ ನಡುನಡುವೆ ಉತ್ತರ ಕೊಡ್ತಾರೆ. ಹಸಿ ಅಡಿಕೆಯ ಚೊಗರು (ಕರೆ) ಹತ್ತಿದ ಬೆರಳಲ್ಲೇ ಒತ್ತಿ ಒತ್ತಿ 1, 4, 7ರ ಸಾಲು ಕಂದು ಬಣ್ಣಕ್ಕೆ ತಿರುಗಿದೆ. ಸ್ಪಿರಿಟ್ ಹಾಕಿ ಉಜ್ಜಿದರೂ ಹೋಗಲಿಲ್ಲ.

ಸುಲಿದ ಅಡಿಕೆಯ ರಾಶಿಯಲ್ಲಿ ಹ್ಯಾಂಡ್‌ಸೆಟ್ ಕಳೆದುಹೋಗೋದು ಮಾಮೂಲು. ಬೇಸಿನ, ಅಂದರೆ ಲೈನಿಗೆ ಜೋಡಿಸಿರೋ ಪೀಠದ, ಮೇಲಿರೋ ಪೇಜ್ ಬಟನ್ ಒತ್ತಿದರೆ ರಾಶಿಯೊಳಗಿಂದ ಕುಂಯ್ ಕುಂಯ್ ಅನ್ನುತ್ತೆ. ಮಕ್ಕಳಿಗೆ ಇದೊಂದು ಆಟ.

ಯಾರ ಫೋನು ಅಂತ ನೋಡಿ ಎತ್ತೋದು ಅಮ್ಮನಿಗೆ ಇಷ್ಟು ಹಿಡಿಸುತ್ತೆ ಅಂತ ನಾನು ಅಂದುಕೊಂಡಿರಲಿಲ್ಲ. ಈ ಪರದೆಯಲ್ಲಿ ಕನ್ನಡ ಅಕ್ಷರ ಮೂಡಲ್ಲ, ಹೆಸರೆಲ್ಲ ಇಂಗ್ಲಿಷಿನಲ್ಲೇ. ಅಮ್ಮನಿಗೆ ಇಂಗ್ಲಿಷ್ ಓದೋಕೆ ಬರಲ್ಲ. ಅವರು ಹೆಸರಿನ ಆಕಾರ ನೋಡಿಯೇ ಗುರುತು ಹಿಡೀತಾರೆ: ಉದ್ದಕ್ಕಿದ್ದರೆ ಮಾವ, ಮೂರೇ ಅಕ್ಷರ ಇದ್ದರೆ ಮೊಮ್ಮಗಳು. ಬರೀ ಅಂಕಿ ಬಂದರೆ ಮೊದಲ ಮೂರನ್ನ ನೋಡ್ತಾರೆ. 140 ಅಂತ ಶುರುವಾದರೆ ಅದು ಜಾಹೀರಾತಿನ ಕರೆ, ಸರ್ಕಾರವೇ ಗೊತ್ತುಮಾಡಿದ ಸಾಲು. ಅದು ಬಂದಾಗ "ಕೂಗ್ಲಿ ಬಿಡು, ಅದರ ಗಂಟಲು" ಅಂತ ತಮ್ಮ ಕೆಲಸ ಮುಂದುವರಿಸುತ್ತಾರೆ. ದಾಕ್ಷಿಣ್ಯಕ್ಕೆ ಎಲ್ಲ ಕರೆಯನ್ನೂ ಎತ್ತಿ, ಸಾಲ ಬೇಡ ಅಂತ ಹೇಳೋಕೂ ಹತ್ತು ನಿಮಿಷ ತಗೊಳ್ಳುತ್ತಿದ್ದವರು ಇವರೇನಾ ಅನ್ನಿಸುತ್ತೆ.

ಇನ್ನು ಹ್ಯಾಂಡ್‌ಸೆಟ್ ಎಷ್ಟು ದೂರ ಒಯ್ಯಬಹುದು ಅನ್ನೋ ವಿಷಯ. ಡಬ್ಬದ ಮೇಲೆ ಮನೆಯೊಳಗೆ 50 ಮೀಟರ್, ಬಯಲಲ್ಲಿ 300 ಅಂತ ಬರೆದಿರುತ್ತೆ. ಆ ಲೆಕ್ಕದಲ್ಲಿ ಮಣ್ಣಿನ ಗೋಡೆ ಇಲ್ಲ. ನಮ್ಮ ನಡುಮನೆ ಗೋಡೆ ಮೊಳಕ್ಕಿಂತ ದಪ್ಪ. ಬೇಸನ್ನ ಕಬ್ಬಿಣದ ಕಪಾಟಿನ ಪಕ್ಕದಿಂದ ತೆಗೆದು ಜಗಲಿ ಕಿಟಕಿಯ ಎತ್ತರಕ್ಕೆ ಇಟ್ಟ ಮೇಲೆ ಅಂಗಳ, ಬಚ್ಚಲು, ಕೊಟ್ಟಿಗೆಯ ಬಾಗಿಲವರೆಗೆ ತೊಂದರೆ ಇಲ್ಲ. ಕೊಟ್ಟಿಗೆಯ ಒಳಗೆ ಹೋದರೆ ಮಾತು ಇಲಿ ಕಡಿದ ಕಂಬಳಿ ಹಾಗಾಗುತ್ತೆ. ಡಿಜಿಟಲ್ ಆದ್ದರಿಂದ ಹಳೇ ಕಾರ್ಡ್‌ಲೆಸ್ಸಿನ ಹಾಗೆ ಗೊರಗೊರ ಸದ್ದಿಲ್ಲ; ಕೇಳಿದರೆ ಪೂರ್ತಿ, ಇಲ್ಲವಾದರೆ ಪದಕ್ಕೆ ಪದವೇ ಮಾಯ.

ಕರೆಂಟಿನ ವಿಚಾರ ಮಲೆನಾಡಿನವರಿಗೆ ಬಿಡಿಸಿ ಹೇಳಬೇಕಿಲ್ಲ. ತಾಮ್ರದ ತಂತಿ ಇದ್ದಾಗ ಎಕ್ಸ್‌ಚೇಂಜಿನಿಂದಲೇ 48 ವೋಲ್ಟ್ ಬರುತ್ತಿತ್ತು, ಮನೆಯಲ್ಲಿ ವಾರಗಟ್ಟಲೆ ಕತ್ತಲಿದ್ದರೂ ಹಳೇ ಕಪ್ಪು ಫೋನು ಕೂಗುತ್ತಿತ್ತು. ಈಗ ಫೈಬರ್ ಪೆಟ್ಟಿಗೆಗೂ ಕರೆಂಟು ಬೇಕು, ಬೇಸಿಗೂ ಬೇಕು. ಪೆಟ್ಟಿಗೆಗೆ 12 ವೋಲ್ಟಿನ ಪುಟ್ಟ ಯುಪಿಎಸ್ ಸಿಗುತ್ತೆ. ನಮ್ಮ ಬೇಸಿನ ಅಡಾಪ್ಟರ್ ಬೇರೆ ವೋಲ್ಟೇಜಿನದು, ಅದನ್ನ ಇದಕ್ಕೆ ಚುಚ್ಚೋ ಹಾಗಿಲ್ಲ. ಎರಡನ್ನೂ ಇನ್ವರ್ಟರಿನ ಪ್ಲಗ್ಗಿಗೆ ಕೊಟ್ಟಿದ್ದೀವಿ. ಎರಡೂ ಎಳೆಯೋದು ಅತ್ಯಲ್ಪ, ಫ್ಯಾನಿನ ಲೆಕ್ಕಕ್ಕೂ ಬರಲ್ಲ. ಜೊತೆಗೆ ತಂತಿ ಇರೋ ಹಳೇ ಫೋನೊಂದನ್ನ ಅದೇ ಲೈನಿಗೆ ಸೇರಿಸಿದೆ. ಪೆಟ್ಟಿಗೆ ಜೀವಂತ ಇರೋವರೆಗೆ ಅದು ಕೆಲಸ ಮಾಡುತ್ತೆ, ಬೇಸು ಸತ್ತರೂ.

ಸಿಡಿಲಿನ ಭಯ ಅರ್ಧ ಕಡಿಮೆಯಾಗಿದೆ. ಮೊದಲು ಏಪ್ರಿಲ್, ಮೇ ತಿಂಗಳಲ್ಲಿ ಸಂಜೆ ಮೋಡ ಕಟ್ಟಿದರೆ ಊರಲ್ಲೆಲ್ಲ ಫೋನಿನ ಪಿನ್ನು ಕೀಳೋದೇ ಕೆಲಸ, ತಂತಿಯಲ್ಲಿ ಬಂದ ಸಿಡಿಲು ಫೋನನ್ನ ಸುಟ್ಟೇ ಹೋಗುತ್ತಿತ್ತು. ಫೈಬರ್ ಗಾಜಿನೆಳೆ, ಅದರಲ್ಲಿ ಸಿಡಿಲು ಹರಿಯಲ್ಲ. ಕರೆಂಟಿನ ತಂತಿಯಲ್ಲಿ ಮಾತ್ರ ಈಗಲೂ ಬರಬಹುದು. ಹಾಗಾಗಿ ಗುಡುಗಿದರೆ ಅಡಾಪ್ಟರ್ ಕೀಳೋ ಪದ್ಧತಿ ಮುಂದುವರಿದಿದೆ.

ಮಳೆಗಾಲದಲ್ಲಿ ಇನ್ನೊಂದು ಗಮನಿಸಿ. ಆಷಾಢದ ಥಂಡಿಗೆ ಹ್ಯಾಂಡ್‌ಸೆಟ್ ಚಾರ್ಜಿಗೆ ಕೂರೋ ತೊಟ್ಟಿಲಿನ ಎರಡು ಲೋಹದ ಚುಕ್ಕಿಗಳ ಮೇಲೆ ಮಂಕು ಹಿಡಿಯುತ್ತೆ. ಹ್ಯಾಂಡ್‌ಸೆಟ್ ಕೂತ ಹಾಗೆ ಕಾಣುತ್ತೆ, ಕೂತಾಗ ಬರಬೇಕಾದ ಬೀಪ್ ಬರಲ್ಲ, ಬೆಳಿಗ್ಗೆ ನೋಡಿದರೆ ಚಾರ್ಜ್ ಖಾಲಿ. ಪೆನ್ಸಿಲ್ ಅಳಿಸೋ ರಬ್ಬರಿನಿಂದ ಆ ಚುಕ್ಕಿಗಳನ್ನೂ ಹ್ಯಾಂಡ್‌ಸೆಟ್ಟಿನ ಬುಡವನ್ನೂ ಉಜ್ಜಿ, ಒಣಬಟ್ಟೆಯಲ್ಲಿ ಒರೆಸಿದರೆ ಸರಿಹೋಗುತ್ತೆ. ಹಾಗೂ ಚಾರ್ಜ್ ನಿಲ್ಲದಿದ್ದರೆ ಶೆಲ್ಲು ಬದಲಿಸಬೇಕು. ಒಳಗಿರೋದು ಸಣ್ಣ ಗಾತ್ರದ, ಎಎಎ ಅಂತಾರಲ್ಲ, ಆ ಎರಡು ರೀಚಾರ್ಜಬಲ್ ಶೆಲ್ಲು, ನಿಕಲ್ ಮೆಟಲ್ ಹೈಡ್ರೈಡ್ ಜಾತಿ. ಹೊಸನಗರದ ಅಂಗಡಿಯಲ್ಲಿ ಕೇಳಿದರೆ ಗಡಿಯಾರಕ್ಕೆ ಹಾಕೋ ಮಾಮೂಲಿ ಶೆಲ್ಲನ್ನೇ ಎತ್ತಿಕೊಡ್ತಾರೆ. ಅದನ್ನ ಹಾಕಿ ಬೇಸಿನ ಮೇಲೆ ಇಟ್ಟರೆ ಸೋರುತ್ತೆ, ಒಡೆಯಲೂಬಹುದು. ಶಿವಮೊಗ್ಗಕ್ಕೆ ಹೋದಾಗ ಕ್ಯಾಮೆರಾ ಅಂಗಡಿಯಲ್ಲಿ ಕೇಳಿ, ಅಲ್ಲಿ ಸಿಗುತ್ತೆ.