ಹೈಫಾನೆಟ್: ಐದು ವರ್ಷ ಬಳಸಿದ ಮೇಲೆ

ಹೈಫಾನೆಟ್ ಅಂದರೆ ಬರಹ, ಫೈಲುಗಳನ್ನು ಯಾರೂ ತೆಗೆದುಹಾಕಲು ಆಗದಂತೆ ಹಂಚಿಕೊಳ್ಳುವ ತಂತ್ರಾಂಶ. ನಾನು ಹಾಕಿಕೊಂಡಾಗ ಇದರ ಹೆಸರು ಫ್ರೀನೆಟ್. ಇದನ್ನು ಶುರು ಮಾಡಿದ ಇಯಾನ್ ಕ್ಲಾರ್ಕ್ ಅವರ ಹೊಸ ಯೋಜನೆಗೆ 2023ರಲ್ಲಿ ಆ ಹೆಸರು ಹೋಯಿತು. 2000ದಿಂದ ನಡೆದುಬಂದ ಹಳೆಯ ತಂತ್ರಾಂಶ ಹೈಫಾನೆಟ್ ಆಯಿತು. ಎರಡೂ ಬೇರೆ ಬೇರೆ. ಇಳಿಸಿಕೊಳ್ಳುವಾಗ ನೋಡಿಕೊಳ್ಳಿ.

ನಮ್ಮೂರ ಕೆರೆ ಒತ್ತುವರಿ ಬಗ್ಗೆ ಫೋಟೊ ಸಮೇತ ಬರೆದಿದ್ದೆ. ಒಂದು ಜಾಲತಾಣ ಅದನ್ನು ತೆಗೆದುಹಾಕಿತು. ಯಾರು ದೂರು ಕೊಟ್ಟರು, ಯಾವ ನಿಯಮ ಮುರಿದೆ ಎಂದು ಕೇಳಿದರೆ ಉತ್ತರವೇ ಬರಲಿಲ್ಲ. ಊರಿನವರು ಏನು ಓದಬೇಕು ಅನ್ನೋದನ್ನು ಊರನ್ನೇ ನೋಡದ ಯಾರೋ ತೀರ್ಮಾನಿಸಿದ್ದರು. ಆ ನೋವಿನಿಂದಲೇ ಇಲ್ಲಿಗೆ ಬಂದೆ.

ಇಲ್ಲಿ ನಡುವೆ ಕೂತ ಸರ್ವರ್ ಇಲ್ಲ. ಫೈಲು 32 ಕೆಬಿಯ ತುಣುಕುಗಳಾಗಿ ಒಡೆದು, ಗೂಢಲಿಪಿಯಲ್ಲಿ ಬಳಕೆದಾರರ ಕಂಪ್ಯೂಟರುಗಳಿಗೆ ಹಂಚಿಹೋಗುತ್ತದೆ. ಕೀ, ಅಂದರೆ ಫೈಲನ್ನು ಹುಡುಕಿ ತೆರೆಯುವ ಉದ್ದನೆಯ ಅಕ್ಷರಸಾಲು, ಗೊತ್ತಿದ್ದವರು ಓದಬಹುದು. ಹಾಕಿದವರಿಗೂ ವಾಪಸ್ ಅಳಿಸಲು ಆಗುವುದಿಲ್ಲ. ಹಾಗಂತ ಎಲ್ಲವೂ ಶಾಶ್ವತವಾಗಿ ಉಳಿಯುವುದಿಲ್ಲ. ಯಾರೂ ಕೇಳದ ತುಣುಕುಗಳು ಹೊಸದಕ್ಕೆ ಜಾಗ ಬಿಟ್ಟು ಮಾಯವಾಗುತ್ತವೆ. ಅದಕ್ಕೇ ನನ್ನ ಕೆರೆಯ ಪುಟವನ್ನು ಎರಡು ಮೂರು ತಿಂಗಳಿಗೊಮ್ಮೆ ಮತ್ತೆ ಸೇರಿಸುತ್ತೇನೆ.

ಅಳಿಸುವವರೇ ಇಲ್ಲದಿದ್ದರೆ ಬೈಗುಳ, ಸ್ಪ್ಯಾಮ್ ತುಂಬಿಕೊಳ್ಳುತ್ತದೆ ಅಲ್ವಾ? ನನಗೂ ಅದೇ ಭಯವಿತ್ತು. ಅದಕ್ಕೆ 'ವೆಬ್ ಆಫ್ ಟ್ರಸ್ಟ್' ಎಂಬ ಪ್ಲಗಿನ್ (ಜೊತೆಗೆ ಸೇರಿಸಿಕೊಳ್ಳುವ ಸಣ್ಣ ತಂತ್ರಾಂಶ) ಇದೆ. ಒಂದು ಗುರುತು (ಅಡ್ಡಹೆಸರಿನ ಖಾತೆ) ಮಾಡಿಕೊಂಡು, ಕ್ಯಾಪ್ಚಾ ಬಿಡಿಸಿ ಒಳಗೆ ಬರಬೇಕು. ಆಮೇಲೆ ಬೇರೆಯವರಿಗೆ -100ರಿಂದ +100ರವರೆಗೆ ಅಂಕ ಕೊಡಬಹುದು. ನಾನು ನಂಬಿದವರು ಕೊಟ್ಟ ಅಂಕವೂ ನನ್ನ ಲೆಕ್ಕಕ್ಕೆ ಸೇರುತ್ತದೆ. ಒಟ್ಟು ಸೊನ್ನೆಗಿಂತ ಕೆಳಗಿಳಿದವರ ಬರಹ ನನಗೆ ಬರುವುದಿಲ್ಲ. ಅದು ಬೇಕು ಅನ್ನುವ ಬೇರೆಯವರಿಗೆ ಬರುತ್ತಲೇ ಇರುತ್ತದೆ.

ಎರಡನೇ ವರ್ಷ ಒಂದು ವಿಷಯ ಕಲಿತೆ. ಚೆನ್ನಾಗಿ ವಾದ ಮಾಡುತ್ತಿದ್ದ ಒಬ್ಬರು ಇದ್ದಕ್ಕಿದ್ದಂತೆ ಕಾಣಿಸಲಿಲ್ಲ. ಸುಮ್ಮನಾಗಿದ್ದಾರೆ ಅಂದುಕೊಂಡಿದ್ದೆ. ನೋಡಿದರೆ, ನಾನು ನಂಬಿದ್ದ ಇಬ್ಬರು ಅವರಿಗೆ ಮೈನಸ್ ಕೊಟ್ಟಿದ್ದರು. ಸ್ಪ್ಯಾಮ್ ಅಂತಲ್ಲ, ಅಭಿಪ್ರಾಯ ಹಿಡಿಸಲಿಲ್ಲ ಅಂತ. ನಾನೇ ನೇರವಾಗಿ ಪ್ಲಸ್ ಕೊಟ್ಟೆ, ಬರಹಗಳು ಮತ್ತೆ ಬಂದವು. ಜಾಲತಾಣ ನನಗೆ ಕೊಡದೇ ಇದ್ದದ್ದು ಇದೇ: ಯಾರು ತಡೆದರು ಎಂದು ನೋಡುವ ದಾರಿ, ಅದನ್ನು ನನ್ನ ಮಟ್ಟಿಗೆ ಬದಲಿಸುವ ಹಕ್ಕು. ಆದರೆ ಪ್ಲಗಿನ್ ಜೊತೆ ಮೊದಲೇ ಕೆಲವು ಗುರುತುಗಳು ತುಂಬಿಕೊಂಡು ಬರುತ್ತವೆ. ಹೊಸಬರು ಶುರುವಿನಲ್ಲಿ ಅವರ ಕಣ್ಣಿಂದಲೇ ನೋಡುತ್ತಾರೆ. ದಯವಿಟ್ಟು ಆ ಪಟ್ಟಿಯನ್ನು ಒಮ್ಮೆ ತೆರೆದು, ನಿಮ್ಮ ಅಂಕಗಳನ್ನು ನೀವೇ ಕೊಡಿ.

ಒಂದು ಕಡೆ ಮಾತ್ರ ಆಯ್ಕೆ ಇಲ್ಲ, ಅದು ನನ್ನನ್ನು ಇವತ್ತಿಗೂ ಕಾಡುತ್ತದೆ. ನನ್ನ ಡಿಸ್ಕಿನಲ್ಲಿ ಎಷ್ಟು ಜಾಗ ಅನ್ನೋದು ನನ್ನ ಕೈಲಿದೆ. ಅದರೊಳಗೆ ಯಾರ ತುಣುಕು ಕೂರುತ್ತದೆ ಅನ್ನೋದು ಇಲ್ಲ. ಕೀ ಇಲ್ಲದೆ ತೆರೆದು ನೋಡಲೂ ಆಗದು. ನಾನು ಎಂದೂ ಮುಟ್ಟಲು ಬಯಸದ ಹೊಲಸು ಕೂಡ ಅದರಲ್ಲಿ ಇರಬಹುದು. ಕೆರೆಯ ಪುಟ ಉಳಿಯಲಿ ಎಂದು ಇದನ್ನು ಒಪ್ಪಿಕೊಂಡಿದ್ದೇನೆ, ಕಷ್ಟಪಟ್ಟೇ. ಮನಸ್ಸು ಒಪ್ಪದವರು ಹಾಕಿಕೊಳ್ಳಬೇಡಿ.

ಉಳಿದದ್ದು: ಜಾವಾ ಬೇಕು. ಪುಟ ತೆರೆಯಲು ನಿಮಿಷಗಳೇ ಹಿಡಿಯಬಹುದು. ಕಂಪ್ಯೂಟರ್ ದಿನವಿಡೀ ಓಡುತ್ತಿದ್ದರೆ ಚೆನ್ನ, ಕರೆಂಟ್ ಹೋಗುವ ಊರಲ್ಲಿ ಯುಪಿಎಸ್ ಇರಲಿ. ಇಂಟರ್ನೆಟ್ಟೇ ಕಡಿತವಾದರೆ ಇದೂ ನಿಲ್ಲುತ್ತದೆ.

ಅಪರಿಚಿತರ ಜೊತೆ ಸೇರುವ ಓಪನ್‌ನೆಟ್‌ನಲ್ಲಿ ನಿಮ್ಮ ಐಪಿ ವಿಳಾಸ ಪಕ್ಕದ ನೋಡ್‌ಗಳಿಗೆ, ಅಂದರೆ ನೇರ ಸಂಪರ್ಕದಲ್ಲಿರುವ ಬೇರೆ ಬಳಕೆದಾರರ ಕಂಪ್ಯೂಟರುಗಳಿಗೆ, ಕಾಣುತ್ತದೆ. ಗೊತ್ತಿರುವ ಗೆಳೆಯರನ್ನು ಮಾತ್ರ ಸೇರಿಸಿಕೊಳ್ಳುವ ಡಾರ್ಕ್‌ನೆಟ್ ವಿಧಾನವೇ ಹೆಚ್ಚು ಸುರಕ್ಷಿತ. ಅದಕ್ಕೆ ಇಷ್ಟು ವರ್ಷ ನನಗೆ ಜನವೇ ಇರಲಿಲ್ಲ. ಕಳೆದ ತಿಂಗಳು ಶಿವಮೊಗ್ಗದ ಗೆಳೆಯನೊಬ್ಬ ಹಾಕಿಕೊಂಡ. ಅವನ ಜೊತೆ ಸೇರಿ ಈಗ ಇನ್ನೂ ನಾಲ್ವರನ್ನು ಹುಡುಕುತ್ತಿದ್ದೇವೆ.