ಅಯೋಡಿನ್-131 ವಾರ್ಡ್‌ನ ನರ್ಸ್‌ಗಳಿಗೆ ಒಂದು ದಿನದ ತರಬೇತಿ: ಪಾಠ ಚೆನ್ನ, ಅಭ್ಯಾಸ ಸಾಲದು

ಥೈರಾಯ್ಡ್ ಕ್ಯಾನ್ಸರ್‌ಗೆ ಅಯೋಡಿನ್-131 ಎಂಬ ವಿಕಿರಣ ಸೂಸುವ ಔಷಧ ಪಡೆದ ರೋಗಿಗಳನ್ನು ನೋಡಿಕೊಳ್ಳುವ ನರ್ಸ್‌ಗಳಿಗೆ ಬೆಂಗಳೂರಿನ ಆಸ್ಪತ್ರೆಯೊಂದು ನಡೆಸುವ ತರಬೇತಿ ಇದು. ಐದಕ್ಕೆ ಮೂರು ಅಂಕ.

ಬೆಳಗಿನ ಪಾಠ ನಿಜಕ್ಕೂ ಒಳ್ಳೆಯದು. ಎಕ್ಸ್-ರೇ ಕೋಣೆಯ ಅರ್ಧ ಮಿಲಿಮೀಟರ್ ಸೀಸದ ಏಪ್ರನ್ ಇಲ್ಲಿ ಹೆಚ್ಚು ಉಪಯೋಗಕ್ಕೆ ಬರುವುದಿಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತಾರೆ. ಅಯೋಡಿನ್-131ರ 364 ಕೆಇವಿ (ಕಿರಣದ ಶಕ್ತಿಯ ಅಳತೆ) ಗಾಮಾ ಕಿರಣವನ್ನು ಅರ್ಧಕ್ಕೆ ಇಳಿಸಲು ಸುಮಾರು 3 ಮಿಲಿಮೀಟರ್ ಸೀಸ ಬೇಕು. ಏಪ್ರನ್ ಧೈರ್ಯದಲ್ಲಿ ಮಂಚದ ಪಕ್ಕ ನಿಂತು ಮಾತಾಡುವವರಿಗೇ ವಿಕಿರಣದ ಡೋಸ್ ಜಾಸ್ತಿ. ರೋಗಿಯಿಂದ 1 ಮೀಟರ್ ದೂರ ಇರುವವರು 2 ಮೀಟರ್‌ಗೆ ಸರಿದರೆ ಡೋಸ್ ಕಾಲು ಭಾಗಕ್ಕೆ ಇಳಿಯುತ್ತದೆ. ಇದನ್ನು ವಿಕಿರಣ ಅಳೆಯುವ ಸರ್ವೇ ಮೀಟರ್ ಹಿಡಿದೇ ತೋರಿಸುತ್ತಾರೆ. ಊಟ, ನೀರು, ಮಾತ್ರೆ ಎಲ್ಲ ಒಂದೇ ಸಲ ಒಳಗಿಟ್ಟು ಬರುವುದು, ಉಳಿದದ್ದು ಇಂಟರ್‌ಕಾಮ್‌ನಲ್ಲಿ ಕೇಳುವುದು, ಬಿಪಿ ನೋಡಿಕೊಳ್ಳಲು ರೋಗಿಗೇ ಔಷಧ ಕೊಡುವ ಮುಂಚೆ ಕಲಿಸಿಡುವುದು: ಎಲ್ಲವೂ ಮರುದಿನವೇ ಡ್ಯೂಟಿಯಲ್ಲಿ ಬಳಸುವಂಥವು. ಗರ್ಭಿಣಿ ನರ್ಸ್‌ಗಳನ್ನು ಈ ವಾರ್ಡ್‌ಗೆ ಹಾಕಬಾರದು ಎಂಬುದನ್ನೂ ಖಡಾಖಂಡಿತವಾಗಿ ಹೇಳುತ್ತಾರೆ.

ಕೊರತೆ ಇರುವುದು ಮಧ್ಯಾಹ್ನದ ಭಾಗದಲ್ಲಿ. ರೋಗಿ ಕ್ಯಾಪ್ಸೂಲ್ ನುಂಗಿದ ಸ್ವಲ್ಪ ಹೊತ್ತಿಗೇ ವಾಂತಿ ಮಾಡಿದರೆ ಏನು ಮಾಡಬೇಕು ಎಂಬುದಕ್ಕೆ ಎರಡೇ ಸ್ಲೈಡ್. ಈ ಕೆಲಸದಲ್ಲಿ ಎಲ್ಲಕ್ಕಿಂತ ಕಷ್ಟದ ಗಳಿಗೆ ಅದೇ, ಏಕೆಂದರೆ ಕೊಟ್ಟ ಡೋಸ್‌ನ ಬಹುಪಾಲು ನೆಲದ ಮೇಲಿರಬಹುದು. ಬೇರೆ ವಾರ್ಡ್‌ಗಳಲ್ಲಿ ರಕ್ತ, ವಾಂತಿ ಚೆಲ್ಲಿದರೆ ಕೈ ತಾನಾಗಿ ಹೈಪೋಕ್ಲೋರೈಟ್ (ಬ್ಲೀಚ್) ಡಬ್ಬಿಗೆ ಹೋಗುತ್ತದೆ. ಇಲ್ಲಿ ಅದು ಕೂಡದು: ಬ್ಲೀಚ್ ಮತ್ತು ಆಮ್ಲ ಔಷಧದಲ್ಲಿರುವ ಅಯೋಡೈಡನ್ನು ಆವಿಯಾಗುವ ಅಯೋಡಿನ್ ಆಗಿ ಬದಲಿಸಬಲ್ಲವು, ಆ ಆವಿ ಉಸಿರಿನಲ್ಲಿ ಒಳಹೋಗಿ ನರ್ಸ್‌ನ ಥೈರಾಯ್ಡ್ ಸೇರುತ್ತದೆ. ಎರಡು ಜೊತೆ ಗ್ಲೌಸ್, ಶೂ ಕವರ್ ಹಾಕಿ, ಹೀರುವ ಕಾಗದ ಮುಚ್ಚಿ, ಅಂಚಿನಿಂದ ನಡುವಿಗೆ ಒರೆಸಬೇಕು. ಕ್ಯಾಪ್ಸೂಲ್ ಇಡಿಯಾಗಿ ಬಿದ್ದಿದ್ದರೆ ಉದ್ದ ಫೋರ್ಸೆಪ್ಸ್‌ನಿಂದ ಎತ್ತಿ ಸೀಸದ ಡಬ್ಬಿಗೆ ಹಾಕಬೇಕು. ಕೂಡಲೇ ವಿಕಿರಣ ಸುರಕ್ಷತಾ ಅಧಿಕಾರಿಗೆ ಫೋನ್. ಇದನ್ನು ಬಣ್ಣದ ನೀರು ಚೆಲ್ಲಿ ಒಮ್ಮೆಯಾದರೂ ಮಾಡಿಸದಿದ್ದರೆ ಸ್ಲೈಡ್ ನೆನಪಿಗೆ ಬರುವುದಿಲ್ಲ.

ಮೀಟರ್ ಅಭ್ಯಾಸವೂ ಅವಸರದ್ದು. ಮೀಟರ್‌ನ ಅಳೆಯುವ ತುದಿಯಾದ ಪ್ರೋಬನ್ನು ಕೈಯಿಂದ ಸುಮಾರು 1 ಸೆಂಟಿಮೀಟರ್ ಎತ್ತರದಲ್ಲಿ, ಬಹಳ ನಿಧಾನವಾಗಿ ಸಾಗಿಸಬೇಕು. ಬೀಸಿದಂತೆ ಆಡಿಸಿದರೆ ಬೆರಳ ಸಂದಿಗೆ ಅಂಟಿದ ವಿಕಿರಣ ಮಾಲಿನ್ಯ ತಪ್ಪಿಹೋಗುತ್ತದೆ. ಪ್ರೋಬ್ ಚರ್ಮಕ್ಕೆ ತಾಕಿದರೆ ಅದೇ ಮಲಿನವಾಗಿ, ಮುಂದಿನ ರೀಡಿಂಗ್‌ಗಳೆಲ್ಲ ಸುಳ್ಳು.

ರೋಗಿ ಬಳಸಿದ ಬಟ್ಟೆಗಳನ್ನು ಚೀಲಕ್ಕೆ ಕಟ್ಟಿ, ದಿನಾಂಕ ಬರೆದು ಇಡುವ ಪಾಠ ಸರಿಯಾಗಿದೆ. ಅರ್ಧಾಯು (ವಿಕಿರಣ ಅರ್ಧಕ್ಕೆ ಇಳಿಯುವ ಅವಧಿ) 8 ದಿನವಾದ್ದರಿಂದ ಸುಮಾರು 80 ದಿನ ಇಟ್ಟು, ಅಳೆದೇ ಹೊರಗೆ ಬಿಡಬೇಕು.

ಹೃದಯ ನಿಂತರೆ ಏನು ಮಾಡಬೇಕೆಂಬ ಮಾತೇ ಇಲ್ಲದಿರುವುದು ದೊಡ್ಡ ಲೋಪ. ಸಿಪಿಆರ್ ತಕ್ಷಣ ಶುರುವಾಗಬೇಕು, ಮೀಟರ್ ಹುಡುಕುತ್ತ ಒಂದು ನಿಮಿಷವೂ ಕಳೆಯಬಾರದು. ಸಿಬ್ಬಂದಿಯ ತಪಾಸಣೆ ಆಮೇಲೆ. ಈ ತರಬೇತಿಗೆ ನರ್ಸ್‌ಗಳನ್ನು ಕಳಿಸುವ ಆಸ್ಪತ್ರೆಗಳು ವಾಂತಿ ಮತ್ತು ಸಿಪಿಆರ್ ಎರಡರ ಅಣಕು ಅಭ್ಯಾಸಕ್ಕೆ ಇನ್ನೂ ಅರ್ಧ ದಿನ ಕೇಳಿ ಪಡೆಯಲಿ.